ಮನನಾ ಬೇರೆ ಮನೆ ಮಾಡಿದಳು



ಗಂಡ ಹೊಡೆಯುವವನಲ್ಲ, ಬಡಿಯುವವನಲ್ಲ. ಮಕ್ಕಳು ದೊಡ್ಡವರಾಗಿದ್ದಾರೆ. ಮನೆಯಲ್ಲಿ ಹೆತ್ತ ತಾಯಿಯೇ ಇದ್ದಾಳೆ. ಇಂಥ ತುಂಬಿದ ಮನೆಯ 52 ವರ್ಷದ ಹೆಂಗಸು ‘ನಾನು ಬೇರೆ ಮನೆ ಮಾಡ್ಕೊಂಡು ಒಬ್ಬಳೇ ಇರ್ತೀನಿ’ ಅಂದರೆ ನೀವೇನಂತೀರಿ?

ಇದು ಜಾರ್ಜಿಯನ್ ಭಾಷೆಯ ಚಿತ್ರವೊಂದರ ಕಥೆ. ಹೆಸರಿನ ಅರ್ಥ ‘ನನ್ನ ಸುಖೀ ಸಂಸಾರ’. 2017ರದ್ದು. ಜಾರ್ಜಿಯಾ, ಜರ್ಮನಿ, ಫ್ರಾನ್ಸ್ ಸೇರಿ ತಯಾರಿಸಿದ್ದು. ನಿರ್ದೇಶಕರೂ ಇಬ್ಬರು: ಜಾರ್ಜಿಯಾದ ನಾನಾ ಎಕ್ವ್ತಿಮಿಶ್ವಿಲಿ, ಜರ್ಮನಿಯ ಸೈಮನ್ ಗ್ರಾಸ್. ಮೂರು ದೇಶದ ಹಣವಾದರೂ ಮಾತು, ಮನೆ, ಜಗಳ ಎಲ್ಲಾ ಅಪ್ಪಟ ಜಾರ್ಜಿಯಾದ್ದೇ. ಅಂದಹಾಗೆ, ಆ ಭಾಷೆಯಲ್ಲಿ ‘ಮಾಮಾ’ ಅಂದರೆ ಅಪ್ಪ, ‘ದೇದಾ’ ಅಂದರೆ ಅಮ್ಮ! ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯೋ ಹೊತ್ತಿಗೆ ನನಗೆ ಸಾಕುಸಾಕಾಯಿತು.

ಮನನಾ ಸಾಹಿತ್ಯ ಕಲಿಸುವ ಟೀಚರು. ರಾಜಧಾನಿ ತಿಬಿಲಿಸಿಯ ಒಂದೇ ಫ್ಲ್ಯಾಟಿನಲ್ಲಿ ಅಪ್ಪ, ಅಮ್ಮ, ಗಂಡ, ಮಗ, ಮಗಳು, ಅಳಿಯ ಎಲ್ಲರೂ. ಅಡುಗೆಮನೆಯ ಯಜಮಾನಿಕೆ ಅಮ್ಮನದು. ಹುಟ್ಟುಹಬ್ಬಕ್ಕೆ ಯಾರನ್ನೂ ಕರೆಯಬೇಡಿ ಅಂತ ಮನನಾ ಹೇಳಿದರೂ ಗಂಡ ಕರೆದೇ ಕರೆಯುತ್ತಾನೆ. ಗಂಡಸರು ಹಲವು ದನಿ ಕೂಡಿಸಿ ಹಾಡುತ್ತಾರೆ. ಆ ಹಾಡುಗಾರಿಕೆಯನ್ನು ಯುನೆಸ್ಕೋ 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ, ಅಷ್ಟು ಚೆಂದ. ಆದರೆ ಯಾರ ಹುಟ್ಟುಹಬ್ಬವೋ ಅವಳನ್ನೇ ಕೇಳುವವರಿಲ್ಲ.

ಅವಳು ಹೊರಟಾಗ ಬಂಧುಬಳಗ ಸೇರಿ ಪಂಚಾಯಿತಿ. ‘ನಿನಗೇನು ಕಡಿಮೆಯಾಗಿದೆ?’ ಒಂದೇ ಪ್ರಶ್ನೆ. ಅವಳು ಕಾರಣ ಹೇಳುವುದೇ ಇಲ್ಲ. ಮುಂದೆ ಗಂಡನ ಗುಟ್ಟೊಂದು ಹೊರಬೀಳುತ್ತದೆ, ಅದನ್ನು ನೀವೇ ನೋಡಿ. ಆದರೆ ಅವಳು ಹೊರಟದ್ದು ಅದರಿಂದಲ್ಲ. ಕಥೆ ಬರೆದವರ ಜಾಣತನ ಇಲ್ಲೇ ಇದೆ. ಗುಟ್ಟು ಮೊದಲೇ ಗೊತ್ತಾಗಿದ್ದರೆ ನಾವೆಲ್ಲ ‘ಪಾಪ’ ಅಂದು ಸುಮ್ಮನಾಗುತ್ತಿದ್ದೆವು.

ಬಾಡಿಗೆ ಮನೆಯಲ್ಲಿ ಅವಳು ಒಬ್ಬಳೇ ಕೂತು ಕೇಕು ತಿನ್ನುತ್ತಾಳೆ, ಮೊಜಾರ್ಟ್ ಸಂಗೀತ ಕೇಳುತ್ತಾಳೆ. ಹೊರಗೆ ಮರದೆಲೆಗಳ ಸದ್ದು. ಅಷ್ಟೇ. ಇಯಾ ಶುಗ್ಲಿಯಾಶ್ವಿಲಿ ಅವರ ಮುಖ ನೋಡಬೇಕು ಆಗ!

ನಿಜ ಹೇಳಲೇ? ಅವಳು ಪೆಟ್ಟಿಗೆ ಕಟ್ಟುವಾಗ ನನಗೆ ಮೊದಲು ಬಂದ ಯೋಚನೆ, ‘ರಾತ್ರಿ ಅಡುಗೆಗೆ ಇವರಿಗೆ ಯಾರು ಗತಿ?’ ಅಂತ. ಅಮ್ಮ ಇದ್ದಾಳೆ ಅನ್ನೋದೂ ಮರೆತಿತ್ತು. ಸಿಟ್ಟೂ ಬಂತು, ಒಂದು ಮಾತು ಹೇಳಿ ಹೋಗಬಾರದೇ ಎಂದು.

ಮುಗಿದ ಮೇಲೆ ಮಗಳು ಕೇಳಿದಳು: ‘ಅಮ್ಮಾ, ನಿನಗೇ ಅಂತ ಒಂದು ಕೋಣೆ ಇದ್ದಿದ್ರೆ ಕುರ್ಚಿ ಎಲ್ಲಿ ಹಾಕ್ತಿದ್ದೆ?’

‘ಕಿಟಕಿ ಪಕ್ಕ’ ಅಂದುಬಿಟ್ಟೆ. ಒಂದು ಕ್ಷಣವೂ ಯೋಚಿಸಲಿಲ್ಲ ನೋಡಿ.