ಕೇಳುವವರು ಹೇಳಬೇಕಾದ ಮಾತು

2022ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ವಿಧಾನಸಭಾ ಕ್ಷೇತ್ರಗಳ ಹೆಸರು ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡುದು ಭಕ್ತರಿಗೆ ನೆನಪಿರಬಹುದು. ಮತದಾರರಲ್ಲಿ ಜಾಗೃತಿ ಮೂಡಿಸುವುದಕ್ಕೆಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಿಂದ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸ್ವಯಂಸೇವಾ ಸಂಸ್ಥೆಯ ಪರವಾಗಿ ಮನೆಮನೆಗೆ ಹೋದವರು, ಮತಗಟ್ಟೆ ಮಟ್ಟದ ಅಧಿಕಾರಿಗಳೆಂಬ ಗುರುತಿನ ಚೀಟಿ ತೋರಿಸಿ ಜನರ ಜಾತಿ, ಮಾತೃಭಾಷೆ ಮೊದಲಾದ ವಿವರಗಳನ್ನು ಸಂಗ್ರಹಿಸಿದರೆಂಬುದು ಆರೋಪ. ಪಾಲಿಕೆ ಅನುಮತಿಯನ್ನು ಹಿಂತೆಗೆದುಕೊಂಡಿತು. ಪೊಲೀಸರು ಪ್ರಕರಣ ದಾಖಲಿಸಿದರು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿತಲ್ಲದೆ, ಆ ವರ್ಷದ ಜನವರಿಯಿಂದೀಚೆಗೆ ಮೂರೂ ಕ್ಷೇತ್ರಗಳ ಮತದಾರರ ಪಟ್ಟಿಗೆ ಸೇರಿದ, ಪಟ್ಟಿಯಿಂದ ಕೈಬಿಟ್ಟ ಹೆಸರುಗಳನ್ನು ಒಂದೂ ಬಿಡದೆ ಪರಿಶೀಲಿಸುವಂತೆ ಆದೇಶಿಸಿತು.

ತಪ್ಪು ಯಾರದೆಂಬ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ನನ್ನನ್ನು ಕಾಡಿದುದು ಆ ಮನೆಗಳ ಬಾಗಿಲಲ್ಲಿ ನಡೆದಿರಬಹುದಾದ ಮಾತುಕತೆ. ಕೊರಳಲ್ಲಿ ಚೀಟಿ ತೂಗುಹಾಕಿಕೊಂಡು ಬಂದವರು ಕೇಳಿದರು, ಮನೆಯವರು ಹೇಳಿದರು. "ಇದು ಏತಕ್ಕೆ? ಯಾರ ಬಳಿ ಉಳಿಯುತ್ತದೆ?" ಎಂದು ಎಷ್ಟು ಮಂದಿ ಕೇಳಿದ್ದಾರು? ಕೇಳಿದ್ದರೂ ಬಂದವರಿಗೆ ಉತ್ತರ ಗೊತ್ತಿತ್ತೇ? ಬಹುಶಃ ದಿನಗೂಲಿಗೆ ಬಂದ ಹುಡುಗ ಹುಡುಗಿಯರು ಅವರು. ಆ ಬಾಗಿಲೇ ಅವರ ಕಾರ್ಯಸ್ಥಳ. ಕೇಳುವುದೇ ಅವರ ಕಾಯಕ. ತಾನು ಏಕೆ ಕೇಳುತ್ತಿದ್ದೇನೆಂಬುದನ್ನು ಅರಿಯದ ನೌಕರನು ಎದುರಿನವರ ವಿವರವನ್ನು ಕಾಪಾಡುವುದಾದರೂ ಹೇಗೆ?

ವೈಯಕ್ತಿಕ ಮಾಹಿತಿಯ ರಕ್ಷಣೆಯೆಂದರೆ ಗಣಕಯಂತ್ರದ ಬೀಗ, ಗುಪ್ತಪದ, ತಂತ್ರಜ್ಞರ ವ್ಯವಹಾರ ಎಂದು ನಾವು ಭಾವಿಸುವುದುಂಟು. ಅವೆಲ್ಲ ಬೇಕು. ಆದರೆ ಮಾಹಿತಿ ಮೊದಲು ಕೈಬಿಟ್ಟು ಹೋಗುವುದು ಮಾತಿನ ಹಂತದಲ್ಲಿ. ಹಾಗೆಂದು ಒಪ್ಪಿಕೊಂಡೇ ಹೊಸ ಕಾನೂನು ರೂಪುಗೊಂಡಿದೆ. ಇದರ ಮೂಲದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿದ್ದಾರೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿಯೇ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಎಂಬತ್ತರ ಗಡಿ ದಾಟಿದ ಹಿರಿಯರೊಬ್ಬರು ಹೂಡಿದ ದಾವೆ ಅದು! ಅದರ ಮುಂದುವರಿಕೆಯಾಗಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ನಿಯಮಗಳು ಹೊರಬಿದ್ದುದು 2025ರ ನವೆಂಬರಿನಲ್ಲಿ. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಈ ಅಧಿನಿಯಮದಲ್ಲಿ ನನಗೆ ಬಹುಮುಖ್ಯವೆನಿಸಿದುದು ದಂಡದ ಮೊತ್ತವಲ್ಲ. ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದೆಂಬುದನ್ನು ಎಲ್ಲರೂ ಬರೆದಿದ್ದಾರೆ. ಸಮ್ಮತಿ ಕೇಳುವವರು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬುದನ್ನು ಸರಳವಾದ ಮಾತಿನಲ್ಲಿ ತಿಳಿಸಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು ಎಂಬುದು ನಿಜವಾದ ಹೊಸತು. ಕನ್ನಡದಲ್ಲಿ ಕೇಳಿ ತಿಳಿಯುವುದು ಇನ್ನು ಯಾರೋ ಮಾಡುವ ಉಪಕಾರವಲ್ಲ. ಕೊಟ್ಟ ಸಮ್ಮತಿಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕೆಂದೂ ಕಾನೂನು ಹೇಳುತ್ತದೆ.

ಉದ್ಯೋಗದ ವಿಷಯ ಬಂದಾಗ ಮಾತ್ರ ಕಾನೂನಿನ ಧೋರಣೆ ಬೇರೆ. ಉದ್ಯೋಗಕ್ಕೆ ಸಂಬಂಧಿಸಿದ ಉದ್ದೇಶಗಳಿಗೆ ನೌಕರರ ಮಾಹಿತಿಯನ್ನು ಸಮ್ಮತಿಯಿಲ್ಲದೆಯೂ ಬಳಸಲು ಅಧಿನಿಯಮದ 7ನೆಯ ಕಲಮು ಅವಕಾಶ ಕೊಡುತ್ತದೆ. ಇದು ವ್ಯಾವಹಾರಿಕ, ಸಂಬಳ ಹಾಕಲು ಪ್ರತಿ ತಿಂಗಳೂ ಸಮ್ಮತಿ ಕೇಳುತ್ತ ಕೂರಲಾಗದು. ಆದರೆ ಸಮ್ಮತಿಯ ತಡೆ ಇಲ್ಲದ ಕಡೆ ಕೇಳುವವರ ಸಂಯಮ, ಮಾತಿನ ಹದ ಇವೇ ನೌಕರನಿಗೆ ಆಸರೆ. ಇಂದಿರಾನಗರದ ಮನೆಮಹಡಿಯ ಸಣ್ಣ ಕಚೇರಿಯಿಂದ ಹಿಡಿದು ಕೃಷ್ಣರಾಜಪುರದ ಆಚೆಯ ಗಾಜಿನ ಸೌಧಗಳವರೆಗೆ ನಮ್ಮ ಮಕ್ಕಳು ದುಡಿಯುತ್ತಿರುವುದರಿಂದ ಇದು ನಮ್ಮ ಮನೆಯ ಮಾತೇ ಆಗಿದೆ.

ಹಲಸೂರಿನಲ್ಲಿ ನೆಲೆಸಿರುವ ಭಕ್ತ ಕುಟುಂಬವೊಂದರ ಮಗಳು ಕಳೆದ ವರ್ಷ ಶಸ್ತ್ರಚಿಕಿತ್ಸೆಗೆ ಒಳಗಾದರು. (ಅವರ ಒಪ್ಪಿಗೆ ಪಡೆದೇ, ಗುರುತು ಸಿಗದಂತೆ ಬರೆಯುತ್ತಿದ್ದೇನೆ.) ರಜೆಗಾಗಿ ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಮೇಲಧಿಕಾರಿಗೆ ಕಳುಹಿಸಿದರು. ಆತ ಕೆಟ್ಟವನಲ್ಲ, "ಇವರಿಗಾಗಿ ಎಲ್ಲರೂ ಪ್ರಾರ್ಥಿಸೋಣ" ಎಂದು ಬರೆದು ಆ ಪತ್ರವನ್ನೇ ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಮೂವತ್ತು ಜನ ಓದಿದರು. ಅವರಲ್ಲೊಬ್ಬರ ಬಂಧುಗಳ ಮೂಲಕ ಸುದ್ದಿ ಊರಿಗೆ ಹೋಯಿತು. ಮಾತುಕತೆಯ ಹಂತದಲ್ಲಿದ್ದ ಸಂಬಂಧವೊಂದು ಕಾರಣ ಹೇಳದೆ ನಿಂತುಹೋಯಿತು. ಆಕೆಯ ತಾಯಿ ಮಠಕ್ಕೆ ಬಂದು, "ಕಳ್ಳತನವಾಗಿದ್ದರೆ ದೂರು ಕೊಡಬಹುದಿತ್ತು, ಸ್ವಾಮಿ, ಪ್ರೀತಿಯಿಂದ ಮಾಡಿದ್ದಕ್ಕೆ ಯಾರನ್ನು ಬೈಯೋಣ?" ಎಂದು ಕೇಳಿದರು.

ಆ ಗುಂಪಿಗೆ ತಿಳಿಯಬೇಕಾಗಿದ್ದುದು ಎರಡೇ ಸಂಗತಿ: ಇವರು ಹದಿನೈದು ದಿನ ಬರುವುದಿಲ್ಲ, ಇವರ ಕೆಲಸವನ್ನು ಇಂಥವರು ನೋಡಿಕೊಳ್ಳುತ್ತಾರೆ. ರಜೆ ಮಂಜೂರು ಮಾಡಲು ಬೇಕಾದ ಕಾಗದ ಬೇರೆ, ಜೊತೆಗಾರರಿಗೆ ಬೇಕಾದ ಮಾತು ಬೇರೆ. ಉದ್ಯೋಗದ ಉದ್ದೇಶವೆಂಬ ಅವಕಾಶ ಮೊದಲನೆಯದಕ್ಕೆ ಸಲ್ಲುತ್ತದೆ, ಎರಡನೆಯ ನೆಪದಲ್ಲಿ ರೋಗದ ಹೆಸರು ಹಂಚುವುದಕ್ಕೆ ಸಲ್ಲದು ಎಂದು ನಾನು ತಿಳಿದಿದ್ದೇನೆ. ಒಳ್ಳೆಯ ಸಂವಹನವೆಂದು ಕಚೇರಿಗಳಲ್ಲಿ ಇಂದು ಕಲಿಸುವುದು ಎಲ್ಲವನ್ನೂ ಎಲ್ಲರಿಗೂ ಬೇಗ ಮುಟ್ಟಿಸುವ ವಿದ್ಯೆ. ಯಾರಿಗೆ ಎಷ್ಟು ಎಂಬ ವಿವೇಕವನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೋ ಕಾಣೆ.

ಅಧಿಕಾರಸ್ಥರೂ ಈ ವಿವೇಕದಲ್ಲಿ ಎಡವಿದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು 2022ರ ಮೇ ತಿಂಗಳಲ್ಲಿ ಒಂದು ಪ್ರಕಟಣೆ ಹೊರಡಿಸಿ, ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ದುರ್ಬಳಕೆಯಾಗಬಹುದು, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಚಿದ ಪ್ರತಿಯನ್ನು ಬಳಸಿ ಎಂದು ಎಚ್ಚರಿಸಿತು. ಹಿತವಚನವೇ. ಆದರೆ ಜನರಲ್ಲಿ ಗಾಬರಿ ಹುಟ್ಟಿತು. ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆಯೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆದು, ಎಂದಿನ ವಿವೇಚನೆಯಿಂದ ಬಳಸಿದರೆ ಸಾಕೆಂದಿತು. ವರುಷಗಟ್ಟಲೆ ಎಲ್ಲ ಕಡೆ ಪ್ರತಿ ಕೊಡುತ್ತ ಬಂದ ಸಾಮಾನ್ಯನಿಗೆ ಈ "ಎಂದಿನ ವಿವೇಚನೆ" ಯಾವುದೆಂದು ಹೇಳಿದವರಿಲ್ಲ. ಮರೆಮಾಚಿದ ಪ್ರತಿಯ ಸೌಲಭ್ಯವಂತೂ ಪ್ರಾಧಿಕಾರದ ಜಾಲತಾಣದಲ್ಲಿ ಇಂದಿಗೂ ಉಂಟು, ಭಕ್ತರು ಬಳಸಿಕೊಳ್ಳಬೇಕು.

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಸಂದರ್ಭವನ್ನು ನಮ್ಮ ಸಮಾಜ ಮರೆತಿಲ್ಲ. ಧರ್ಮ, ಜಾತಿಗಳ ಅಂಕಣದಲ್ಲಿ ಏನು ಬರೆಸಬೇಕೆಂಬ ಚರ್ಚೆ ನಮ್ಮ ಸಭೆಗಳಲ್ಲಿ ಎಷ್ಟು ಬಿಸಿಯಾಗಿತ್ತೆಂದರೆ, ಬರೆಸಿದ್ದು ಎಲ್ಲಿ ಉಳಿಯುತ್ತದೆಂಬ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಆ ಪ್ರಶ್ನೆಯನ್ನು ಕೈಗೆತ್ತಿಕೊಂಡುದು ಉಚ್ಚ ನ್ಯಾಯಾಲಯ. ಸಮೀಕ್ಷೆಗೆ ತಡೆ ನೀಡದೆ, ಸಂಗ್ರಹಿಸಿದ ಮಾಹಿತಿ ಗೋಪ್ಯವಾಗಿರಬೇಕು, ಪಾಲ್ಗೊಳ್ಳುವುದು ಕಡ್ಡಾಯವಲ್ಲವೆಂಬುದನ್ನು ಜನರಿಗೆ ತಿಳಿಸಬೇಕು ಎಂದು ಅದು ಮಧ್ಯಂತರ ಆದೇಶ ನೀಡಿತು. ಮಾಹಿತಿಯನ್ನು ಕಾಪಾಡಿ, ಜೊತೆಗೆ ಕೇಳುವ ಮೊದಲು ಹೇಳಿ: ಒಂದೇ ಆದೇಶದಲ್ಲಿ ಎರಡೂ.

ಅನ್ಯರನ್ನು ಕುರಿತು ಇಷ್ಟು ಬರೆದ ಮೇಲೆ ನಮ್ಮ ಕಾರ್ಯಾಲಯದ ವಿಷಯವನ್ನು ಮುಚ್ಚಿಡಲಾಗದು. ಅಧಿನಿಯಮದಲ್ಲಿ ಮಠಗಳಿಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ. 18 ವರ್ಷ ತುಂಬದವರ ಮಾಹಿತಿಗಂತೂ ತಂದೆತಾಯಿಯರ ಸಮ್ಮತಿ ಬೇಕು. ನಮ್ಮ ಪ್ರಸಾದನಿಲಯದ ಪ್ರವೇಶ ಅರ್ಜಿಯಲ್ಲಿ ಹಲವು ವರ್ಷಗಳಿಂದ ತಂದೆಯ ಆಧಾರ್ ಸಂಖ್ಯೆಯ ಅಂಕಣವಿತ್ತು. ಈ ಜೂನ್‌ನಲ್ಲಿ ಮೊಮ್ಮಗನನ್ನು ಸೇರಿಸಲು ಬಂದ ಹಿರಿಯರೊಬ್ಬರು, "ಹುಡುಗನ ಊಟಕ್ಕೂ ಅವನಪ್ಪನ ಆಧಾರಿಗೂ ಏನು ಸಂಬಂಧವಯ್ಯಾ?" ಎಂದು ಗುಮಾಸ್ತರನ್ನು ಕೇಳಿದರು. ಅವರು ನನ್ನತ್ತ ನೋಡಿದರು. ನನಗೂ ಉತ್ತರ ತೋಚಲಿಲ್ಲ. ಅಂದೇ ಆ ಅಂಕಣವನ್ನು ತೆಗೆದುಹಾಕಿದೆವು. ಉಳಿದ ಪ್ರತಿ ಅಂಕಣದ ಕೆಳಗೆ ಅದು ಏಕೆ ಬೇಕೆಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಲು ಕುಳಿತಾಗ ಇನ್ನೂ ನಾಲ್ಕು ಬಿದ್ದುಹೋದವು. ದಾಸೋಹಕ್ಕೆ ಕಾಣಿಕೆ ಸಲ್ಲಿಸಿದವರ ಪಟ್ಟಿಯನ್ನು ದೂರವಾಣಿ ಸಂಖ್ಯೆಯ ಸಮೇತ ವಾಟ್ಸಾಪ್ ಗುಂಪುಗಳಿಗೆ ಕಳುಹಿಸುತ್ತಿದ್ದುದನ್ನೂ ನಿಲ್ಲಿಸಿದ್ದೇವೆ. ಇನ್ನು ಮುಂದೆ ಹೆಸರು ಮಾತ್ರ, ಅದೂ ಬೇಡವೆಂದವರದ್ದು ಇಲ್ಲ.

ಉಳಿದಿರುವುದು ಕಾರ್ಯಾಲಯದ ಕಬ್ಬಿಣದ ಬೀರು. ಹಳೆಯ ಅರ್ಜಿಗಳೊಂದಿಗೆ ಲಗತ್ತಿಸಿದ ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿಗಳು ಅದರಲ್ಲಿ ಕಟ್ಟುಕಟ್ಟಾಗಿ ಬಿದ್ದಿವೆ. ಕಾಗದದಲ್ಲೇ ಇರುವವರೆಗೆ ಹೊಸ ಕಾನೂನು ಅವುಗಳನ್ನು ಮುಟ್ಟುವುದಿಲ್ಲ. ಹಾಗಿದ್ದರೂ ಬರುವ ಸೋಮವಾರದಿಂದ ಇಬ್ಬರು ಕುಳಿತು, ಇಡಲೇಬೇಕಾದುವನ್ನು ಬೇರ್ಪಡಿಸಿ ಮಿಕ್ಕವನ್ನು ನಾಶಪಡಿಸಲಿದ್ದಾರೆ. ತಮ್ಮ ಮೂಲ ದಾಖಲೆಗಳೇನಾದರೂ ಅಲ್ಲಿ ಉಳಿದಿದ್ದರೆ ಭಕ್ತರು ಕಾರ್ಯಾಲಯದ ಸಮಯದಲ್ಲಿ ಬಂದು ಪಡೆದುಕೊಳ್ಳಬಹುದು.