ಜಡ್ಜು ಬಿದ್ದು ನಕ್ಕರೆ ನಾವೂ ನಗಬೇಕೆ?

‘ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಿ’ ಎಂದು ಟಿವಿಯವರು ಕೈಮುಗಿದು ಕರೆದರೆ, ರಿಮೋಟ್ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳುವವನು ನಾನು. ಕಳೆದ ಭಾನುವಾರ ಅದು ಸಮಯಕ್ಕೆ ಕೈಗೆ ಸಿಗಲಿಲ್ಲ.

ಹಾಸನದಲ್ಲಿ ಅಕ್ಕನ ಮನೆ. ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ಕಾಮಿಡಿ ಶೋ ನಡೆಯುತ್ತಿತ್ತು. ಯಾವ ಚಾನೆಲ್ ಎಂದು ಹೇಳುವುದಿಲ್ಲ, ಹೇಳಿದರೆ ಉಳಿದವರು ತಾವು ಸಾಚಾ ಎಂದುಕೊಳ್ಳುತ್ತಾರೆ. ಏಳೆಂಟು ವರ್ಷದ ಹುಡುಗನಿಗೆ ಕಾಡಿಗೆಯಲ್ಲಿ ಮೀಸೆ ಬರೆದು, ಪಂಚೆ ಉಡಿಸಿ, ಕೈಗೊಂದು ಬಾಟಲಿ ಕೊಟ್ಟು ಕುಡುಕ ಗಂಡನನ್ನಾಗಿ ಮಾಡಿದ್ದರು. ಅದೇ ವಯಸ್ಸಿನ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ‘ರಾತ್ರಿಯೆಲ್ಲಾ ಯಾವಳ ಮನೇಲಿದ್ದೆ?’ ಎಂದು ಗದರಿಸಿದಳು. ಅದಕ್ಕೆ ಹುಡುಗ ಕೊಟ್ಟ ಉತ್ತರದಲ್ಲಿ ‘ಸೆಟಪ್’ ಎಂಬ ಮಾತು ಬಂತು. ಒಬ್ಬ ಜಡ್ಜು ಮೇಜು ಗುದ್ದಿದರು, ಇನ್ನೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮೂರನೆಯವರು ಕಣ್ಣೊರೆಸಿಕೊಂಡರು.

ನಾಲ್ಕನೇ ಕ್ಲಾಸಿನ ನನ್ನ ಅಕ್ಕನ ಮಗಳು ನನ್ನ ಕಡೆ ತಿರುಗಿ, ‘ಮಾಮಾ, ಸೆಟಪ್ ಅಂದ್ರೇನು?’ ಎಂದಳು. ಭಾವನಿಗೆ ನೀರಿನ ಮೋಟರ್ ಆಫ್ ಮಾಡುವುದು ನೆನಪಾಯಿತು. ಅಕ್ಕ ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದಳು. ಸಿಕ್ಕಿಬಿದ್ದವನು ನಾನು. ‘ಸೆಟ್ ಟಾಪ್ ಬಾಕ್ಸ್ ಇದೆಯಲ್ಲಾ ಪುಟ್ಟಿ, ಅದನ್ನೇ ಚಿಕ್ಕದಾಗಿ ಹಾಗೆ ಕರೀತಾರೆ’ ಎಂದೆ. ಮರುದಿನ ಕೇಬಲ್ ಹುಡುಗ ದುಡ್ಡು ವಸೂಲಿಗೆ ಬಂದಾಗ ಅವಳು ಬಾಗಿಲಲ್ಲೇ ನಿಂತು, ‘ಅಂಕಲ್, ನಮ್ಮಪ್ಪನ ಸೆಟಪ್ ಯಾಕೋ ಸರಿಯಿಲ್ಲ, ನೋಡ್ಬೇಕಂತೆ’ ಎಂದಳಂತೆ. ಅಕ್ಕ ಫೋನ್ ಮಾಡಿ ಬೈದಿದ್ದು ಚಾನೆಲ್‌ಗಲ್ಲ, ನನಗೆ.

ನಾನೇನು ಮಡಿವಂತನಲ್ಲ. ಕಂಪನಿ ನಾಟಕ ನೋಡಿಕೊಂಡು ಬೆಳೆದವರಿಗೆ ದ್ವಂದ್ವಾರ್ಥ ಹೊಸದೇ? ಜಾತ್ರೆಯ ಟೆಂಟಿನಲ್ಲಿ ಅಪ್ಪ, ಅಮ್ಮ, ಅಜ್ಜಿ, ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕೂತೇ ಅದನ್ನು ಕೇಳುತ್ತಿದ್ದರು. ಆದರೆ ಆ ಮಾತು ದೊಡ್ಡವರ ಕಿವಿಗೆ ಬಿದ್ದು ಮಕ್ಕಳ ತಲೆಯ ಮೇಲೆ ಹಾದುಹೋಗುವ ಹಾಗೆ ಇರುತ್ತಿತ್ತು. ಬರೆದವನಿಗೂ ಆಡಿದವನಿಗೂ ಆ ಕಸಬು ಗೊತ್ತಿತ್ತು. ಈಗ ಮಕ್ಕಳ ಬಾಯಿಗೇ ಅದನ್ನು ಇಟ್ಟು ದೊಡ್ಡವರು ನಗುತ್ತಾರೆ. ಮಕ್ಕಳನ್ನು ಅಸಭ್ಯವಾಗಿ, ಅವರ ವಯಸ್ಸಿಗೆ ಸಲ್ಲದ ರೀತಿಯಲ್ಲಿ ತೋರಿಸಬೇಡಿ ಎಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲೇ ಖಾಸಗಿ ಚಾನೆಲ್‌ಗಳಿಗೆ ಸಲಹೆ ಕಳಿಸಿತ್ತು. ಆಗ ಕಣ್ಣಿದ್ದದ್ದು ಡ್ಯಾನ್ಸ್ ಶೋಗಳ ಮೇಲೆ. ಬಾಟಲಿ ಹಿಡಿದ ಮೀಸೆ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ ಎಂದು ಯಾರೋ ಜಾಣರು ತೀರ್ಮಾನಿಸಿರಬೇಕು.

ದೂರು ಕೊಡಲು ದಾರಿ ಇಲ್ಲವೆಂದಲ್ಲ. 2011ರಿಂದ ಬಿಸಿಸಿಸಿ ಎಂಬ ದೂರು ಮಂಡಳಿಯಿದೆ. ಪ್ರಸಾರಕರೇ ಕಟ್ಟಿಕೊಂಡದ್ದು, ನಿವೃತ್ತ ನ್ಯಾಯಮೂರ್ತಿಗಳ ಅಧ್ಯಕ್ಷತೆಯದ್ದು. ಪರದೆಯ ಬುಡದಲ್ಲಿ ಆಗಾಗ ಸಣ್ಣಕ್ಷರದ ಪಟ್ಟಿಯೊಂದು ಓಡುತ್ತದಲ್ಲ, ಅದು ಇದರದ್ದೇ. ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದವರಿದ್ದರೆ ದಯವಿಟ್ಟು ಕೈ ಎತ್ತಿ.

ಇದನ್ನೆಲ್ಲ ಟಿವಿಯವರ ಮುಂದೆ ಹೇಳಿದರೆ ಸಿಗುವುದು ಒಂದೇ ಉತ್ತರ: ‘ವೀಕ್ಷಕರಿಗೆ ಅದೇ ಬೇಕು ಸಾರ್.’ ನನ್ನ ಪಿತ್ತ ಕೆರಳಿಸುವ ಮಾತು ಇದೊಂದೇ. ವೀಕ್ಷಕರಿಗೆ ಏನು ಬೇಕೆಂದು ಇವರಿಗೆ ಗೊತ್ತಾಗುವುದು ಹೇಗೆ? ಇಡೀ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳ ಟಿವಿಗೆ ಬಾರ್ಕ್ ಸಂಸ್ಥೆ ಮೀಟರ್ ಕೂರಿಸಿದೆ. ಯಾವ ಮನೆಗಳು ಎಂಬುದು ಗುಟ್ಟು. ಗುರುವಾರ ಅಂಕಿ ಬರುತ್ತದೆ, ಅಂದು ಚಾನೆಲ್ ಕಚೇರಿಗಳಲ್ಲಿ ಕೆಲವರು ಸಿಹಿ ಹಂಚುತ್ತಾರೆ, ಕೆಲವರ ಮುಖ ಬಾಡುತ್ತದೆ. ಆದರೆ ಆ ಮೀಟರ್‌ಗೆ ಟಿವಿ ಯಾವ ಚಾನೆಲ್ ಮೇಲೆ ನಿಂತಿತ್ತು, ಮುಂದೆ ಯಾರು ಕೂತಿದ್ದರು ಎಂಬುದಷ್ಟೇ ಗೊತ್ತು. ಹೊಟ್ಟೆ ಹುಣ್ಣಾಗುವಂತೆ ನಕ್ಕರೂ ಒಂದೇ ಲೆಕ್ಕ, ಮುಖ ಸಿಂಡರಿಸಿಕೊಂಡು ಕೂತರೂ ಒಂದೇ ಲೆಕ್ಕ, ಟಿವಿ ಹಾಕಿಟ್ಟು ಬೀನ್ಸ್ ಬಿಡಿಸುತ್ತಿದ್ದರೂ ಅದೇ ಲೆಕ್ಕ.

ನಮ್ಮ ಬೀದಿಯ ಕೊನೆಯಲ್ಲೊಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ರಿಯಾಲಿಟಿ ಶೋಗಳಿಂದ ಸಂಸ್ಕೃತಿ ಹಾಳಾಯಿತೆಂದು ವಾಚಕರ ವಾಣಿಗೆ ತಪ್ಪದೆ ಪತ್ರ ಬರೆಯುವವರು. ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕರೆ ಯಾರು ನಾಮಿನೇಟ್ ಆದರು, ಯಾರು ಟಾಸ್ಕ್‌ನಲ್ಲಿ ಮೋಸ ಮಾಡಿದರು, ಯಾರು ಯಾರ ಬೆನ್ನ ಹಿಂದೆ ಏನೆಂದರು, ಎಲ್ಲವೂ ಅವರ ಬಾಯಲ್ಲಿದೆ. ‘ಇಷ್ಟು ಬೇಜಾರಾದರೆ ನೋಡದೇ ಇರಬಹುದಲ್ಲ ಮೇಷ್ಟ್ರೇ?’ ಎಂದೆ. ‘ಅದ್ಹೇಗ್ರೀ? ನೋಡ್ದೆ ಬೈದ್ರೆ ಅದು ಅನ್ಯಾಯ ಆಗಲ್ವೇ?’ ಎಂದರು. ಇಂಥವರ ಮನೆಯಲ್ಲೊಂದು ಮೀಟರ್ ಇದ್ದರೆ ಗುರುವಾರದ ಅಂಕಿ ಏನಾದೀತು, ನೀವೇ ಊಹಿಸಿ.

ಆದರೂ ಜನರ ಅಭಿಪ್ರಾಯ ನೆಟ್ಟಗೆ ತಿಳಿಯುವ ಒಂದು ಕಡೆ ಇದೆ, ಅದು ಬಿಗ್ ಬಾಸ್‌ನ ವೋಟು. 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾದ ಮೊದಲ ಸೀಸನ್ ಗೆದ್ದವರು ವಿಜಯ ರಾಘವೇಂದ್ರ, ಏರುದನಿಯಲ್ಲಿ ಮಾತಾಡಿದರೆ ತಾವೇ ಬೆಚ್ಚುವಂಥ ಮನುಷ್ಯ. ಎಂಟನೇ ಸೀಸನ್ ಗೆದ್ದದ್ದು ಮಜಾಭಾರತ ಕಾಮಿಡಿ ಶೋದಿಂದ ಬಂದ ಮಂಜು ಪಾವಗಡ, ಹನ್ನೆರಡನೆಯದನ್ನು ಗಿಲ್ಲಿ ನಟ. ಇಬ್ಬರೂ ಹೊಟ್ಟೆಪಾಡಿಗೆ ನಗಿಸುತ್ತಿದ್ದವರು. ಇನ್ನು 2024ರ ಹನ್ನೊಂದನೇ ಸೀಸನ್ ನೆನಪಿಸಿಕೊಳ್ಳಿ. ಸ್ವರ್ಗ, ನರಕ ಎಂದು ಮನೆ ಸೀಳಿದರು. ಮಹಿಳಾ ಆಯೋಗ ಮಧ್ಯೆ ಬಂತು, ನರಕ ಮುಚ್ಚಿತು. ಕೈಕೈ ಮಿಲಾಯಿಸಿದ ಇಬ್ಬರು ಹೊರಬಿದ್ದರು. ಇಷ್ಟೆಲ್ಲ ರಂಪ ಮಾಡಿಸಿದ ಮೇಲೆ ಜನ ಗೆಲ್ಲಿಸಿದ್ದು ಯಾರನ್ನು? ಆಟದ ನಡುವೆ ಲುಂಗಿ ಉಟ್ಟುಕೊಂಡು ಬಂದ ಹಾವೇರಿಯ ಕುರಿಗಾಹಿ ಹಾಡುಗಾರ ಹನುಮಂತನನ್ನು. ನಾಲ್ಕನೇ ಸೀಸನ್‌ನಲ್ಲಿ ಪ್ರಥಮ್ ಗೆದ್ದರಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ಪ್ರಥಮ್ ಕೂಗಾಟಕ್ಕೆ ಜನ ಸಿಟ್ಟಾದದ್ದಕ್ಕಿಂತ ನಕ್ಕದ್ದೇ ಹೆಚ್ಚು.

ಅಂದರೆ ಜಗಳದ ಮನೆಯೊಳಗೂ ಕನ್ನಡದ ಜನ ಕಣ್ಣಿಟ್ಟು ಹುಡುಕಿದ್ದು ನಗಿಸುವವರನ್ನು, ನೆಮ್ಮದಿಯವರನ್ನು. ಅದನ್ನು ನೋಡಿಯೂ ಪ್ರೋಮೋ ಕತ್ತರಿಸುವವರು ಪ್ರತಿ ಸೀಸನ್‌ಗೂ ಹುಡುಕುವುದು ಬೆರಳು ತೋರಿಸಿ ಅರಚುವ ತುಣುಕನ್ನೇ.

ಹಾಗಾದರೆ ನಗು ಎಲ್ಲಿ ಕೆಟ್ಟಿತು? ಇಲ್ಲಿಗೆ ನನ್ನ ಹಳೇ ಗೋಳು ಬಂತು, ಈ ಅಂಕಣವನ್ನು ಓದುತ್ತ ಬಂದವರು ಆಕಳಿಸುವವರಿದ್ದರೆ ಆಕಳಿಸಿ. ಬರೆಯುವವನನ್ನು ಟಿವಿ ಕೊಂದುಹಾಕಿದೆ.

ಒಂದು ಕಾಲದಲ್ಲಿ ಈಟಿವಿಯಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಬರುತ್ತಿತ್ತು, ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ ಬರುತ್ತಿತ್ತು. ಸೆಟ್ ಎಂದರೆ ಒಂದು ಮನೆ, ಒಂದು ಸೋಫಾ. ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್ ಬಾಯಿ ತೆರೆದರೆ ಇಂಥದ್ದೇ ಬರುತ್ತದೆ ಎಂದು ನಮಗೆ ಗೊತ್ತು, ಸಮಾಜಸೇವಕಿ ಲಲಿತಾಂಬ ಹೆಜ್ಜೆ ಇಟ್ಟರೆ ಎಡವಟ್ಟು ಎಂದೂ ಗೊತ್ತು, ಆದರೂ ಎಡವಟ್ಟು ಯಾವ ಕಡೆಯಿಂದ ಬರುತ್ತದೆಂದು ಗೊತ್ತಾಗುತ್ತಿರಲಿಲ್ಲ. ಪಾತ್ರವನ್ನು ಬರೆದವರಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಅವೇನು ಪವಿತ್ರ ಗ್ರಂಥಗಳಾಗಿರಲಿಲ್ಲ. ಪಾಂಡುವಿಗೆ ಹೆಂಡತಿ ಶ್ರೀಮತಿ ಕೊಡುತ್ತಿದ್ದ ಏಟು ಉಲ್ಟಾ ಆಗಿದ್ದರೆ ಮಹಿಳಾ ಆಯೋಗ ಅವತ್ತೇ ಬರುತ್ತಿತ್ತು. ಆದರೆ ಅಜ್ಜಿಯೂ ಮೊಮ್ಮಗನೂ ಒಂದೇ ಮಾತಿಗೆ ನಗುತ್ತಿದ್ದರು. ಯಾರೂ ಮೋಟರ್ ಆಫ್ ಮಾಡಲು ಏಳುತ್ತಿರಲಿಲ್ಲ. 2018, 2019ರ ಹೊತ್ತಿಗೆ ಈ ಎರಡೂ ಹೆಸರುಗಳನ್ನು ಕಲರ್ಸ್ ಸೂಪರ್‌ನಲ್ಲಿ ಮತ್ತೆ ತಂದರು. ಹಳೆಯ ಊಟದ ರುಚಿ ಬರಲಿಲ್ಲ.

ಕಾಮಿಡಿ ಶೋಗಳಿಗೆ ಸ್ಕಿಟ್ ಬರೆದುಕೊಡುವ ಪರಿಚಯದ ಹುಡುಗನೊಬ್ಬ ಇತ್ತೀಚೆಗೆ ಕಾಫಿಗೆ ಸಿಕ್ಕಿದ್ದ. ‘ಸೀನ್ ಕಟ್ಟೋಕೆ ಪುರುಸೊತ್ತೇ ಕೊಡಲ್ಲ ಸಾರ್. ಎರಡು ಲೈನ್ ಆದ್ರೆ ಸಾಕು, ಪಂಚ್ ಎಲ್ಲಿ ಅಂತಾರೆ. ಪಂಚ್ ಹೊಳೀದಿದ್ರೆ ದಪ್ಪಗಿರೋನ್ನ ಕರ್ಕೊಂಡು ಬಾ ಅಂತಾರೆ’ ಎಂದ. ನಗುವುದಕ್ಕೂ ದಿನಗೂಲಿಯವರಿರುತ್ತಾರಂತೆ. ಆಡಿಯನ್ಸ್ ಎಂದು ಬಸ್ಸಿನಲ್ಲಿ ಬಂದು ಕೂತವರು ಕೈಸನ್ನೆ ನೋಡಿ ಚಪ್ಪಾಳೆ ತಟ್ಟುತ್ತಾರೆ. ಅವರ ಕೂಲಿ ಸಂಜೆಯೇ ಚುಕ್ತಾ. ಇವನಿಗೆ ಹಣ ಬರುವುದು ಎಪಿಸೋಡ್ ಹೋದ ಎಷ್ಟೋ ವಾರಕ್ಕೆ. ಟೈಟಲ್ ಕಾರ್ಡಿನಲ್ಲಿ ಇವನ ಹೆಸರು ಕ್ಯಾಟರಿಂಗ್‌ನವರ ಹೆಸರಿಗಿಂತ ಬೇಗ ಓಡಿಹೋಗುತ್ತದೆ.

ಬರಹ ಇಲ್ಲದ ಕಡೆ ಮೈಯೇ ತಮಾಷೆಯಾಗುತ್ತದೆ. ದಪ್ಪಗಿರುವವನು, ಕಪ್ಪಗಿರುವವಳು, ತೊದಲುವವನು, ಸೀರೆ ಉಟ್ಟ ಗಂಡಸು, ಮನೆಗೆಲಸದವಳು. ಇವು ಸಾಲದಿದ್ದರೆ ಭಾಷೆಗಳಿವೆ. ಮಂಡ್ಯದ ‘ಐತೆ’ಗೆ ಒಮ್ಮೆ ನಗು, ಕಲಬುರಗಿಯ ‘ಹೌದ್ರಿ’ಗೆ ಇನ್ನೊಮ್ಮೆ ನಗು. ಇದಕ್ಕೆ ಎದುರಾಗಿ ಅಪರ್ಣಾ ಅವರನ್ನು ನೆನೆಯಿರಿ. 2024ರಲ್ಲಿ ಅಗಲಿದ ಈ ನಿರೂಪಕಿ ‘ಮಜಾ ಟಾಕೀಸ್’ ಕಾಮಿಡಿ ಶೋನಲ್ಲಿ ವರಲಕ್ಷ್ಮಿಯಾಗಿ ಬಂದು, ತಮ್ಮ ಆ ಅಚ್ಚುಕಟ್ಟಾದ ಕನ್ನಡವನ್ನು, ತಮ್ಮ ಘನತೆಯನ್ನು ತಾವೇ ಗೇಲಿ ಮಾಡಿಕೊಂಡು ನಗಿಸುತ್ತಿದ್ದರು. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವುದಕ್ಕೂ ಪಕ್ಕದಲ್ಲಿ ನಿಂತ ಬಡಪಾಯಿಯನ್ನು ಗೇಲಿ ಮಾಡುವುದಕ್ಕೂ ಇರುವ ದೂರವನ್ನು ಜಡ್ಜುಗಳು ಗಮನಿಸಿದಂತಿಲ್ಲ.

ಕನ್ನಡಕ್ಕೆ ಹಾಸ್ಯ ಬರುವುದಿಲ್ಲ ಎಂದು ಯಾರೂ ಹೇಳಲಾರರು. 1942ರಷ್ಟು ಹಿಂದೆಯೇ ಡಾಕ್ಟರ್ ಶಿವರಾಂ ನಗಿಸುವುದಕ್ಕೆಂದೇ ‘ಕೊರವಂಜಿ’ ಪತ್ರಿಕೆ ತಂದರು, ಆರ್.ಕೆ. ಲಕ್ಷ್ಮಣ್ ಎಳೆವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದರು. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ಮಂತ್ರಿ, ಅಧಿಕಾರಿಗಳ ಮುಖದ ನೀರಿಳಿಸುತ್ತಿದ್ದರು. ಆ ನಗು ಮೇಲಿದ್ದವರ ಕಡೆ ಹೋಗುತ್ತಿತ್ತು. ಟಿವಿ ನಗು ಕೆಳಗಿರುವವರ ಕಡೆಗೇ ಹರಿಯುತ್ತದೆ. ರಾಜ್ಯದಲ್ಲಿ ಇಷ್ಟೊಂದು ಮಂತ್ರಿಗಳಿದ್ದಾರೆ, ಇಷ್ಟೊಂದು ಗುಂಡಿಗಳಿವೆ, ಬೆಂಗಳೂರಿನ ಟ್ರಾಫಿಕ್ ಒಂದೇ ಸಾಕು ಒಂದು ವರ್ಷದ ಸ್ಕಿಟ್‌ಗೆ. ಇದ್ಯಾವುದರ ಮೇಲಾದರೂ ಒಂದು ಪಂಚ್ ಬಂದದ್ದನ್ನು ನೋಡಿದ್ದೀರಾ? ದಪ್ಪಗಿರುವವನು ಕೇಸು ಹಾಕುವುದಿಲ್ಲ, ಮಂತ್ರಿ ಹಾಕುತ್ತಾನೆ. ಅಷ್ಟೇ ಲೆಕ್ಕ.

ಉದಯ ಟಿವಿಯ ‘ಹರಟೆ’ಯಲ್ಲಿ ಹಿರೇಮಗಳೂರು ಕಣ್ಣನ್ ಅಂಥವರು ಬರೀ ಮಾತಿನಿಂದಲೇ ಗಂಟೆಗಟ್ಟಲೆ ಜನರನ್ನು ಕೂರಿಸಿದ್ದು ಬಹಳ ಹಿಂದಿನ ಮಾತೇನಲ್ಲ. ಚಂದನದಲ್ಲಿ ಡಾ. ನಾ. ಸೋಮೇಶ್ವರ 2002ರಿಂದ ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದಿದ್ದಾರೆ. ಸಾವಿರಾರು ಕಂತು ದಾಟಿದೆ, ಬಹುಮಾನವೆಂದರೆ ಪುಸ್ತಕ. ಬೆಂಕಿ ಹಾರಿಸಿಲ್ಲ, ಹೊಗೆ ಬಿಟ್ಟಿಲ್ಲ, ಯಾರನ್ನೂ ಅಳಿಸಿ ಹತ್ತಿರದಿಂದ ತೋರಿಸಿಲ್ಲ. ‘ಮನೆಮಂದಿಯೆಲ್ಲ ಬನ್ನಿ’ ಎಂದು ಕೂಗಿ ಕರೆದದ್ದೂ ನೆನಪಿಲ್ಲ. ಮನೆಮಂದಿ ತಾವಾಗಿಯೇ ಬಂದು ಕೂತು, ಸ್ಪರ್ಧಿಗಿಂತ ಮೊದಲು ಸೋಫಾದಿಂದ ಉತ್ತರ ಕೂಗುತ್ತಾರೆ. ಕುಟುಂಬದ ಕಾರ್ಯಕ್ರಮ ಎಂದು ಹಣೆಗೆ ಚೀಟಿ ಅಂಟಿಸಿಕೊಂಡು ಬಂದದ್ದನ್ನು ನಾನು ನಂಬದಿರುವುದು ಇದಕ್ಕೇ.

ಚಾನೆಲ್‌ನವರಲ್ಲಿ ಒಂದು ಬಿನ್ನಹ. ಮುಂದಿನ ಸೀಸನ್‌ಗೆ ಜಡ್ಜುಗಳ ಸಾಲಿನಿಂದ ಒಂದು ಕುರ್ಚಿ ತೆಗೆದುಬಿಡಿ, ಆ ಸಂಬಳದಲ್ಲಿ ಇಬ್ಬರು ಒಳ್ಳೆಯ ಬರಹಗಾರರನ್ನು ಇಟ್ಟುಕೊಳ್ಳಿ. ಬಿದ್ದು ಬಿದ್ದು ನಗುವ ಕೆಲಸವನ್ನು ನಾವೇ ಮನೆಯಲ್ಲಿ ಕೂತು ಪುಕ್ಕಟೆಯಾಗಿ ಮಾಡಿಕೊಡುತ್ತೇವೆ.