ಟರ್ಪಾಲಿನ ಕೆಳಗಿನ ತುಕ್ಕು

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ, ದನಕರುಗಳು ಇಲ್ಲವಾದ ಮೇಲೆ ತೆರವಾದ ಹಟ್ಟಿಯೊಳಗೆ, ನೀಲಿ ಟರ್ಪಾಲು ಹೊದ್ದ ವಾಹನವೊಂದು ನಿಂತಿರುವುದನ್ನು ನೀವೂ ಕಂಡಿರಬಹುದು. ಪದ್ಮಿನಿಯೋ ಅಂಬಾಸಿಡರೋ ಆಗಿರಬಹುದು. ಹೆಚ್ಚಾಗಿ ಬಜಾಜ್ ಚೇತಕ್. ವಿಚಾರಿಸಿದರೆ "ಅದು ಅಪ್ಪಯ್ಯನ ಗಾಡಿ, ಮಾರಲು ಮನಸ್ಸು ಬಾರದು" ಎಂಬ ಉತ್ತರ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ವರ್ಷಕ್ಕೊಮ್ಮೆ ಬಂದವರು ಟರ್ಪಾಲಿನ ಅಂಚನ್ನು ಎತ್ತಿ ನೋಡಿ, ನಿಟ್ಟುಸಿರಿಟ್ಟು, ಮತ್ತೆ ಮುಚ್ಚಿ ಹೋಗುತ್ತಾರೆ.

ಇದನ್ನು ಓದುತ್ತಿರುವವರಲ್ಲಿ ಅಂಥ ಗಾಡಿಗಳ ವಾರಸುದಾರರು ಕೆಲವರಾದರೂ ಇದ್ದೀರಿ ಎಂಬುದನ್ನು ಬಲ್ಲೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಒಂದೋ ಆ ಗಾಡಿಯನ್ನು ಬಿಚ್ಚಿ, ಉಜ್ಜಿ, ಸರಿಪಡಿಸಿ, ಓಡಿಸಿರಿ. ಇಲ್ಲವೇ ಓಡಿಸಬಲ್ಲವರ ಕೈಗೆ ಒಪ್ಪಿಸಿರಿ. ಮಣ್ಣಿನ ನೆಲದ ಮೇಲೆ, ಗಾಳಿಯಾಡದ ಹೊದಿಕೆಯ ಕೆಳಗೆ ಇಟ್ಟ ಕಬ್ಬಿಣವು ನೆನಪನ್ನೂ ಉಳಿಸುವುದಿಲ್ಲ, ತಾನೂ ಉಳಿಯುವುದಿಲ್ಲ.

ನನ್ನಲ್ಲಿ ವಿಜ್ಞಾನ ಓದಿದವರಿಗೆ ಮೂರು ಪ್ರನಾಳಗಳ ಪ್ರಯೋಗ ಮರೆತಿರಲಾರದು. ಒಂದರಲ್ಲಿ ನೀರು, ಗಾಳಿ ಎರಡೂ. ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ಒಣಗಾಳಿ ಮಾತ್ರ. ಮೊದಲನೆಯದರ ಮೊಳೆಗೆ ಮಾತ್ರ ತುಕ್ಕು. ಪಠ್ಯಪುಸ್ತಕದಲ್ಲಿ ಇಲ್ಲದ ನಾಲ್ಕನೆಯ ಪ್ರನಾಳವೊಂದನ್ನು ನಾನು ಸೇರಿಸುತ್ತಿದ್ದೆ. ಅದರಲ್ಲಿ ಸಮುದ್ರದ ನೀರು. ಆ ಮೊಳೆ ಎಲ್ಲಕ್ಕಿಂತ ಮೊದಲು ಕೆಂಪಗಾಗುತ್ತಿತ್ತು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಕಬ್ಬಿಣ ಕರಗುವ ಕ್ರಿಯೆ ಚುರುಕಾಗುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಉಪ್ಪುಗಾಳಿ ಬೀಸುವ ನಮ್ಮ ಉಡುಪಿ ಜಿಲ್ಲೆಯೇ ಒಂದು ದೊಡ್ಡ ನಾಲ್ಕನೆಯ ಪ್ರನಾಳವೆಂದರೆ ತಪ್ಪಾಗದು.

ಅಲ್ಯೂಮಿನಿಯಮ್ಮಿನ ಮೇಲೆ ಕೂರುವ ಆಕ್ಸೈಡು ಅದಕ್ಕೆ ಕವಚವಾಗುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಸಡಿಲ, ಸಚ್ಛಿದ್ರ. ಸ್ಪಂಜಿನಂತೆ ತೇವವನ್ನು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನು ಇನ್ನಷ್ಟು ತಿನ್ನುತ್ತದೆ. ತಾನು ಹುಟ್ಟಿದ ಕಬ್ಬಿಣಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಬಣ್ಣ ಗುಳ್ಳೆಯೇಳುವುದು ಆ ಒತ್ತಡದಿಂದಲೇ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈಯಗಲ ತಗಡು ಹೋಗಿದೆಯೆಂದು ತಿಳಿಯುವುದು ಕ್ಷೇಮ.

ವರ್ಷಗಟ್ಟಲೆ ಕಾದು 1986ರಲ್ಲಿ ಪಡೆದ ನನ್ನ ಚೇತಕ್ ಇಂದಿಗೂ ಓಡುತ್ತಿದೆ. ಅದಕ್ಕೆ ಪವಾಡವೇನೂ ಕಾರಣವಲ್ಲ. ಕಾಲಿಡುವ ಹಲಗೆಯ ಮೇಲಿನ ರಬ್ಬರು ಹಾಸನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು, ಒರೆಸಿ, ಒಣಗಿಸುತ್ತೇನೆ, ಅಷ್ಟೆ. ನೀರು ಬೀಳುವ ಜಾಗಕ್ಕಿಂತ ನೀರು ನಿಲ್ಲುವ ಜಾಗಕ್ಕೆ ಹೆದರಬೇಕು. ಕಾರಿನಲ್ಲಾದರೆ ಬಾಗಿಲಿನ ತಳದಂಚು, ನೆಲಹಾಸಿನ ಅಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಗಾಜಿನ ರಬ್ಬರಿನ ಸಂದು. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದೇ ಸಣ್ಣ ತೂತುಗಳಿರುತ್ತವೆ. ಧೂಳು, ಎಲೆಚೂರು ಸೇರಿ ಅವು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಒಂದು ತೆಂಗಿನ ಹಿಡಿಕಡ್ಡಿ ಸಾಕು, ಬಿಡಿಸಿಕೊಡಲು.

ಈ ವಿಷಯದಲ್ಲಿ ನನಗೆ ಕೋಪ ಬಂದಿರುವುದು ತುಕ್ಕಿನ ಮೇಲಲ್ಲ, ತುಕ್ಕನ್ನು ಮುಚ್ಚುವವರ ಮೇಲೆ. ತೀರಿಹೋದ ನನ್ನ ಅಣ್ಣನ 1989ರ ಪದ್ಮಿನಿಯನ್ನು ಅವನ ಮಗ ಪ್ರೀತಿಯಿಂದ ಒಂದು ಟಿಂಕರಿಂಗ್ ಅಂಗಡಿಗೆ ಕೊಟ್ಟು ಬಣ್ಣ ಹೊಡೆಸಿದ. ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದಿತು. ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತಿ ಶೃಂಗೇರಿಗೆ ಹೋಗುವ ಉತ್ಸಾಹ ಅವನಿಗೆ. ನಾನು ಹಳೆಯ ಅಭ್ಯಾಸದಂತೆ ಕಾರಿನ ಕೆಳಗೆ ತೂರಿ, ಚಾಲಕನ ಸೀಟಿನ ನೇರಕ್ಕೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿದೆ. ಠಣ್ ಎನ್ನಬೇಕಾದದ್ದು ಮೆತ್ತಗೆ ದಪ್ ಎಂದಿತು. ತುದಿಯಿಂದ ಒತ್ತಿದರೆ ನೇರವಾಗಿ ಒಳಕ್ಕೆ! ತುಕ್ಕು ತಿಂದ ತಗಡಿನ ಮೇಲೆ ಪಟ್ಟಿ ಮೆತ್ತಿ, ಅದರ ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಸೀಟಿನ ಬೋಲ್ಟುಗಳು ನಿಂತಿದ್ದದ್ದು ಆ ಪಟ್ಟಿಯ ಆಸರೆಯಲ್ಲಿ.

ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಮೈಯ ತಗಡೇ ಅದರ ಅಸ್ಥಿಪಂಜರ. ಚೇತಕ್ಕಿನದೂ ಹಾಗೆಯೇ. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಚಕ್ರದ ಕಮಾನು ಇವು ಹೋದರೆ ಬೆನ್ನುಮೂಳೆ ಹೋದಂತೆ. ಪಟ್ಟಿ ಇರುವುದು ನೆಗ್ಗಿದ ಜಾಗವನ್ನು ಮಟ್ಟಮಾಡುವುದಕ್ಕೆ. ಅದನ್ನು ತೂತು ಮುಚ್ಚಲು ಬಳಸುವವನು ಗಿರಾಕಿಗೆ ಮೋಸ ಮಾಡುವುದಲ್ಲದೆ ಅವನ ಮನೆಯವರ ಪ್ರಾಣದೊಡನೆ ಆಟವಾಡುತ್ತಾನೆ. "ಚಿಕ್ಕಪ್ಪ, ಈಗ ಏನು ಮಾಡುವುದು?" ಎಂದು ಹುಡುಗ ಕೇಳಿದ. ಶೃಂಗೇರಿ ಪ್ರಯಾಣ ಬಸ್ಸಿನಲ್ಲಾಯಿತು. ಕಾರು ನನ್ನ ಅಂಗಳಕ್ಕೆ ಬಂತು.

ಮೂರು ವಾರ ಹಿಡಿಯಿತು. ಸೀಟು, ನೆಲಹಾಸು ಎಲ್ಲವನ್ನೂ ಹೊರಹಾಕಿ, ತಂತಿಬ್ರಷ್ಷಿನಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿದೆವು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ. ಸತ್ತ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವ ಕೆಲಸ ನಮ್ಮದಲ್ಲ. ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟ ಮೇಲೆ ಪಕ್ಕದೂರಿನ ವೆಲ್ಡಿಂಗಿನವರನ್ನು ಕರೆಸಿದೆವು. ಮತ್ತೊಂದು ಮಾತು: ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ನಮ್ಮೂರಲ್ಲಿ ಕೈಗೆ ಸಿಗುತ್ತದೆಂದು ಮುರಕಲ್ಲನ್ನು ಆಧಾರ ಕೊಡುತ್ತಾರೆ. ಅದು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡು ಇಲ್ಲವೇ ಅಗಲವಾದ ಗಟ್ಟಿಮರದ ತುಂಡುಗಳೇ ಆಗಬೇಕು.

ಬ್ರಷ್ ತಲುಪದ ಸಂದುಗಳಿಗೆ ತುಕ್ಕನ್ನು ಪರಿವರ್ತಿಸುವ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ. ಕೆಲವು ಫಾಸ್ಫರಿಕ್ ಆಮ್ಲದವು, ಕೆಲವು ಟ್ಯಾನಿಕ್ ಆಮ್ಲದವು. ಎರಡನೆಯದನ್ನು ಹಚ್ಚಿದಾಗ ಕೆಂಪು ತುಕ್ಕು ನೋಡನೋಡುತ್ತಿದ್ದಂತೆ ಕಪ್ಪಾಗುತ್ತದೆ. ಹುಡುಗ ಬೆರಗಾದ. ಅಳಲೆಕಾಯಿಯ ಒಗರನ್ನು ಕಬ್ಬಿಣದೊಡನೆ ಕೂಡಿಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ ಎಂದಾಗ ಇನ್ನೂ ಬೆರಗಾದ. (ಮೇಷ್ಟ್ರ ಚಾಳಿ ಎಲ್ಲಿ ಬಿಟ್ಟೀತು!) ಅದು ಒಣಗಿದ ಮೇಲೆ ಪ್ರೈಮರು, ಬಣ್ಣ, ತಳಕ್ಕೆ ಡಾಂಬರಿನಂಥ ಅಂಡರ್‌ಕೋಟಿಂಗು. ಆದರೆ ತೇವವಿರುವ ತುಕ್ಕಿನ ಮೇಲೆ ಅಂಡರ್‌ಕೋಟಿಂಗ್ ಬಳಿದರೆ ಅದು ಇನ್ನೊಂದು ಟರ್ಪಾಲೇ ಸರಿ. ಕೆಲವರು ಸುಟ್ಟ ಎಂಜಿನ್ ಎಣ್ಣೆಯನ್ನು ತಳಕ್ಕೆ ಚಿಮುಕಿಸುತ್ತಾರೆ. ನನಗದು ಸಮ್ಮತವಿಲ್ಲ, ರಬ್ಬರು ಬುಶ್ಶುಗಳು ಕೆಡುತ್ತವೆ, ತೊಟ್ಟಿಕ್ಕಿದ ಎಣ್ಣೆ ಮಳೆನೀರಿನೊಡನೆ ಬಾವಿಯ ದಾರಿ ಹಿಡಿಯುತ್ತದೆ.

ಈ ವಿದ್ಯೆಯಲ್ಲಿ ನಮಗಿಂತ ನಮ್ಮ ಮೀನುಗಾರರು ಮುಂದಿದ್ದಾರೆ. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಗಂಗೊಳ್ಳಿಗೋ ಮಲ್ಪೆಗೋ ಹೋಗಿ ನೋಡಿರಿ. ದಡಕ್ಕೆಳೆದ ದೋಣಿಗಳನ್ನು ಕೆರೆದು ಬಣ್ಣ ಬಳಿಯುತ್ತಿರುತ್ತಾರೆ. ಯಾಂತ್ರಿಕ ದೋಣಿಯ ತಳದಲ್ಲಿ ಸತುವಿನ ಗಟ್ಟಿಗಳನ್ನು ಕೂರಿಸಿರುವುದೂ ಕಾಣುತ್ತದೆ. ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಸವೆದ ಗಟ್ಟಿಯನ್ನು ಬದಲಿಸಿದರೆ ಆಯಿತು. ಕೊಡಚಾದ್ರಿಯ ಮೂಲಮೂಕಾಂಬಿಕೆಯ ಗುಡಿಯ ಎದುರು ಅಷ್ಟೊಂದು ಮಳೆಗೆ ಮೈಯೊಡ್ಡಿ ನಿಂತ ಕಬ್ಬಿಣದ ಕಂಬವನ್ನು ಕಂಡವರು, ದೆಹಲಿಯ ಕಂಬದ ಕೀರ್ತಿ ಕೇಳಿದವರು, "ಆ ಕಾಲದ ಕಬ್ಬಿಣವೇ ಬೇರೆ" ಎನ್ನುವುದುಂಟು. ದೆಹಲಿಯ ಕಂಬದ ಮಟ್ಟಿಗೆ ಆ ಮಾತು ನಿಜ. ಅದರಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ರಕ್ಷಣೆಯ ತೆಳುಪದರ ಕಟ್ಟಿಕೊಂಡಿದೆಯೆಂದು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರು ವಿವರಿಸಿದ್ದಾರೆ. ನಮ್ಮ ಪದ್ಮಿನಿಯ ತಗಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ನಮ್ಮ ಕೈಯೇ ಗತಿ.

ಇನ್ನು ಸರಕಾರದ ಮಾತು. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ವಾಹನದ ನೋಂದಣಿ 15 ವರ್ಷ. ಬಳಿಕ ಐದೈದು ವರ್ಷಕ್ಕೆ ನವೀಕರಣ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000, ದ್ವಿಚಕ್ರಗಳಿಗೆ 2,000 ಎಂದಾಯಿತು. ಕೊನೆಯ ಪದ್ಮಿನಿಗೂ 20 ದಾಟಿಯಾಗಿದೆ. ಹಳೆಯ ವಾಹನಗಳು ಹೆಚ್ಚು ಹೊಗೆ ಉಗುಳುತ್ತವೆಂಬ ವಾದವನ್ನು ನಾನು ಅಲ್ಲಗಳೆಯೆ. ನನ್ನ ಚೇತಕ್ಕಿನ ಎರಡು ಸ್ಟ್ರೋಕಿನ ಎಂಜಿನ್ನು ಎಣ್ಣೆಯನ್ನೂ ಸುಡುತ್ತದೆ, ಅದನ್ನು ದಿನಬಳಕೆಗೆ ತೆಗೆಯುವುದನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ತಕರಾರು ಶುಲ್ಕವು ಜಾತಕವನ್ನು ನೋಡಿ ಏರುತ್ತದೆ ಎಂಬುದು. ಹತ್ತು ವರ್ಷಕ್ಕೇ ನೆಲ ಕಳೆದುಕೊಂಡ ಕಾರುಗಳನ್ನು ಈ ಕರಾವಳಿಯಲ್ಲಿ ಕಂಡಿದ್ದೇನೆ. ಮೂವತ್ತೈದಾದರೂ ಗಟ್ಟಿಯಾಗಿರುವುದನ್ನೂ ಕಂಡಿದ್ದೇನೆ. ವಯಸ್ಸು ಕೇಳುವ ಮೊದಲು ಕೆಳಗೆ ತೂರಿ ತಟ್ಟಿ ನೋಡುವ ಪರೀಕ್ಷೆ ಪ್ರಾಮಾಣಿಕವಾಗಿ ನಡೆದರೆ, ಪಟ್ಟಿ ಮೆತ್ತುವ ಅಂಗಡಿಗಳೂ ತಾವಾಗಿಯೇ ತಿದ್ದಿಕೊಂಡಾವು. 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದ ವಾಹನಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕೊಟ್ಟಿವೆ. ಒಳ್ಳೆಯದೇ. ಆದರೆ ಇಪ್ಪತ್ತರಿಂದ ಐವತ್ತರವರೆಗೆ ಅದನ್ನು ಉಳಿಸಿಕೊಂಡು ಬರುವವನ ಪಾಡು?

ಎಲ್ಲವನ್ನೂ ಉಳಿಸಿರೆಂದು ನಾನು ಹೇಳುತ್ತಿಲ್ಲ. ಚೌಕಟ್ಟೇ ಪುಡಿಯಾಗಿದ್ದರೆ ಗುಜರಿಗೆ ಕಳಿಸಿ, ಒಂದು ನಂಬರ್ ಪ್ಲೇಟನ್ನೋ ಸ್ಟಿಯರಿಂಗನ್ನೋ ಮನೆಯಲ್ಲಿಟ್ಟುಕೊಳ್ಳುವುದು ಲೇಸು. ಯಾವುದೆಂದು ತಿಳಿಯಲು ಟರ್ಪಾಲನ್ನು ಪೂರ್ತಿ ಸರಿಸಬೇಕು. ಅದಕ್ಕೆ ಮೇ ತಿಂಗಳು ಸೂಕ್ತ. ಬಿಸಿಲಿರುತ್ತದೆ, ಬಣ್ಣ ಒಣಗುತ್ತದೆ, ರಜೆಗೆ ನೀವೂ ಊರಿಗೆ ಬಂದಿರುತ್ತೀರಿ. ನನ್ನಲ್ಲಿ ಎರಡು ತಂತಿಬ್ರಷ್ಷು, ನಾಲ್ಕು ಕಬ್ಬಿಣದ ಸ್ಟ್ಯಾಂಡು, ಅರ್ಧ ಡಬ್ಬಿ ಪ್ರೈಮರು ಇವೆ. ಬರುವವರು ಹಳೆಯ ಬಟ್ಟೆ ಉಟ್ಟು ಬನ್ನಿ.